ಹಸಿರು ಬಿದ್ದರೂ ನಿಂತ ಚಿಕ್ಕಪ್ಪ

ಈವತ್ತು ಕೊಯಮತ್ತೂರು ಹತ್ತಿರದ ಅನ್ನೂರಿನ ಸಿಗ್ನಲ್‌ನಲ್ಲಿ ಹಸಿರು ಬಿದ್ದಾಗ ಮುದುಕನೊಬ್ಬ ಇನ್ನೂ ರಸ್ತೆಯ ನಡುವೆ ಇದ್ದ. ನನ್ನ ಹಿಂದಿನವರೆಲ್ಲ ಹಾರನ್ ಒತ್ತಿದರು. ದಾರಿ ಖಾಲಿಯಿದ್ದರೆ ಹೋಗಬಹುದು ಎಂದಷ್ಟೇ ಹಸಿರಿನ ಅರ್ಥ. ಹಸಿರು ಬಿದ್ದ ಕೂಡಲೇ ರಸ್ತೆ ತಮ್ಮಪ್ಪನದು ಎಂದುಕೊಳ್ಳುತ್ತಾರೆ ಇವರು.

ಚಿಕ್ಕವಳಿದ್ದಾಗ ಚಿಕ್ಕಪ್ಪನ ಮೊಪೆಡ್‌ನ ಮುಂದೆ ನಿಂತುಕೊಂಡು ಕೊಯಮತ್ತೂರಿಗೆ ಹೋಗುತ್ತಿದ್ದೆ. ಹಿಂದೆ ಗಂಜಿ ವಾಸನೆಯ ಹೊಸ ಸೀರೆಗಳ ಗಂಟು. ಒಮ್ಮೆ ಹೀಗೆಯೇ ಹಸಿರು ಬಿತ್ತು. ಸೊಪ್ಪಿನ ಬುಟ್ಟಿ ಹೊತ್ತ ಅಜ್ಜಿಯೊಬ್ಬಳು ನಮ್ಮ ಮುಂದೆಯೇ ದಾಟುತ್ತಿದ್ದಳು. ಚಿಕ್ಕಪ್ಪ ಕಾಲೂರಿ ನಿಂತರು. ಹಿಂದಿನ ಕಾರಿನವನು ತಲೆ ಹೊರಹಾಕಿ, "ಯೋವ್, ಪಚ್ಚೆ ವಿಳುಂದಾಚ್ಚು, ಪೋಯ್ಯಾ" ಎಂದು ತಮಿಳಿನಲ್ಲಿ ಗದರಿದ, ಹಸಿರು ಬಿತ್ತು ಹೋಗಯ್ಯಾ ಎಂದು.

ನಮ್ಮ ನೇಕಾರರ ಬೀದಿಯಲ್ಲಿ ಬೆಳಿಗ್ಗೆ ಮಗ್ಗಕ್ಕೆ ಏರಿಸುವ ನೂಲನ್ನು, ಅಂದರೆ ಪಾವನ್ನು, ರಸ್ತೆಯುದ್ದಕ್ಕೂ ಹಾಸಿ ಕಟ್ಟುತ್ತಿದ್ದರು. ಆಗ ಯಾರೇ ಬಂದರೂ ಗಾಡಿಯಿಂದಿಳಿದು ಪಕ್ಕದಲ್ಲಿ ತಳ್ಳಿಕೊಂಡು ಹೋಗುತ್ತಿದ್ದರು. ಅಲ್ಲಿ ಯಾವ ಸಿಗ್ನಲ್ ದೀಪವೂ ಇರಲಿಲ್ಲ.

"ನೋಡು ಪಾಪಾ, ನಮ್ ಬೀದಿ ಎಮ್ಮೆ ಕೂಡ ಪಾವು ಕಂಡ್ರೆ ನಿಲ್ತದೆ. ಇವನ್ಗೆ ದೀಪ ಕಾಣ್ತದೆ, ಮನುಷ್ಯರು ಕಾಣಲ್ಲ" ಎಂದರು ಚಿಕ್ಕಪ್ಪ. ಅಜ್ಜಿ ದಾಟಿದ ಮೇಲೆಯೇ ಹೊರಟರು.

ನನಗೆ ಅವರಷ್ಟು ಬಾಯಿಲ್ಲ. ಈವತ್ತು ಸ್ಕೂಟರಿನ ಎಂಜಿನ್ ಆರಿಸಿ, ಮುದುಕ ಆಚೆ ಸೇರುವವರೆಗೂ ಹಿಂದಿನವರಿಗೆಲ್ಲ ಅಡ್ಡವಾಗಿ ಕುಳಿತೆ. ಬೈದುಕೊಳ್ಳಲಿ.