ಸೀರೆಗೆ ಹತ್ತಿದ ಕೆಂಪು ಮಣ್ಣು

ಚನ್ನಬಸವ್ವ ಹುಟ್ಟಿದ್ದು, ಮದುವೆಯಾಗಿ ಬಾಳಿದ್ದು ಎರಡೂ ಹುಬ್ಬಳ್ಳಿಯಾಚೆಯ ಎರೆಭೂಮಿಯ ಊರುಗಳಲ್ಲೇ. ಅಲ್ಲಿಯ ಕಪ್ಪು ಎರೆಮಣ್ಣು ಹಸಿಯಿದ್ದಾಗ ಕಾಲಿಗೆ ಹತ್ತಿದರೆ ಕಡ್ಡಿ ತಗೊಂಡು ಕೆರೆಯಬೇಕು. ಡಾಂಬರು ರಸ್ತೆಯೂ ಅಲ್ಲಿ ಬೇಸಿಗೆಗೆ ಬಿರಿದು ಮಳೆಗೆ ಉಬ್ಬುತ್ತದೆ. ಗಾಡಿ ಜಾರಿ ದವಡೆ ಮುರಿದುಕೊಂಡವರು ಓಣಿಗೊಬ್ಬರಾದರೂ ಸಿಗುತ್ತಾರೆ.

ತವರಿಗೆ ಬಂದಿದ್ದ ಮಗಳು ಭಾಗ್ಯಶ್ರೀ ಆ ಮಧ್ಯಾಹ್ನ ಗಂಡನ ಜೊತೆ ಧಾರವಾಡದ ಮನೆಗೆ ಹೊರಡುವ ಮುಂಚೆ ಅಡಿಗೆಮನೆಯಲ್ಲಿ ಅವ್ವನ ಸೆರಗು ಹಿಡಿದಿದ್ದಳು. "ನಾ ವಾಪಸ್ ಹೋಗಂಗಿಲ್ಲ ಬೇ. ಮಾತಿಗೊಮ್ಮಿ ಇವರು ಕೈ ಮಾಡತಾರ."

"ನಿನ್ನ ತಂಗಿ ಮದವಿ ಒಂದ ಆಗ್ಲಿ, ತಡಿ," ಎಂದಿದ್ದಳು ಚನ್ನಬಸವ್ವ. ತಂಗಿಗೆ ಗೊತ್ತಾದ ಗಂಡು ಅಳಿಯ ಲೋಹಿತನ ಕಾಕಾನ ಮಗ.

ಸಂಜೆ ಲೋಹಿತನ ಫೋನ್ ಬಂತು. "ಅತ್ತಿ, ನಿಮ್ಮ ಎರಿ ರಸ್ತ್ಯಾಗ ಸ್ಕೂಟರ್ ಜಾರೇತ್ರಿ. ಭಾಗ್ಯಶ್ರೀ ದವಡಿ ಮುರದೈತಿ." ಆಕೆ ನಂಬಿದಳು. ಆ ರಸ್ತೆಯ ಬಗ್ಗೆ ಏನು ಹೇಳಿದರೂ ಯಾರಾದರೂ ನಂಬುತ್ತಾರೆ.

ಆಸ್ಪತ್ರೆಯಲ್ಲಿ ಮಗಳ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಬಿಗಿದಿದ್ದರು. ಬಾಯಿ ಬಿಡುವಂತಿಲ್ಲ, ಗಂಜಿಯನ್ನೂ ನಳಿಕೆಯಲ್ಲೇ ಹೀರಬೇಕು. ಬಿದ್ದಾಗ ಮಗಳು ಉಟ್ಟಿದ್ದ ಸೀರೆಯನ್ನು ಚನ್ನಬಸವ್ವ ನಲ್ಲಿಯ ಕೆಳಗೆ ಹಿಡಿದಳು. ನೀರು ಕೆಂಪಾಯಿತು. ರಕ್ತವೆಂದುಕೊಂಡು ತಿಕ್ಕಿದರೆ ಬೆರಳಿಗೆ ಮಣ್ಣು ಹತ್ತಿತು, ಮಗಳ ಮನೆಯ ಹಿತ್ತಲಿನ ಕೆಂಪು ಮಣ್ಣು. ಸೀರೆಯಲ್ಲಿ ಎಲ್ಲೂ ಎರೆಯ ಒಂದು ಕಲೆ ಇರಲಿಲ್ಲ. ಮಗಳು ಬಿದ್ದದ್ದು ರಸ್ತೆಯಲ್ಲಲ್ಲ. ಮತ್ತೆ ಅದೇ ಕೈಯಿಂದ ಸೀರೆಯನ್ನು ಸ್ವಚ್ಛ ತೊಳೆದು ಹಿಂಡಿದಳು.

ವಾರ್ಡಿಗೆ ಬಂದ ಡಾಕ್ಟರು ಎಕ್ಸ್‌ರೇ ಎತ್ತಿ ನೋಡಿದರು. "ಎರಿ ಭೂಮಿ ಕಡೆಯಿಂದ ಮಳಿಗಾಲದಾಗ ಇಂಥವ ಭಾಳ ಬರ್ತಾವ. ಗಾಡಿ ಜಾರಿ ಬಿದ್ದಿದ್ದಲ್ಲೇನ್ರೀ?"

ಲೋಹಿತ ಬೂಟಿನ ತುದಿ ನೋಡುತ್ತ ನಿಂತ. ಭಾಗ್ಯಶ್ರೀ ಅವ್ವನ ಕಡೆ ನೋಡಿದಳು, ನೋಡುತ್ತಲೇ ಇದ್ದಳು. ತಂತಿ ಬಿಗಿದದ್ದು ಮಗಳ ಬಾಯಿಗೆ. ತಾಯಿಯ ಬಾಯಿಗೆ ಯಾರೂ ಏನೂ ಬಿಗಿದಿರಲಿಲ್ಲ.

"ಹೌದ್ರಿ ಸಾಹೇಬ್ರ," ಎಂದಳು ಚನ್ನಬಸವ್ವ. "ನಮ್ಮೂರ ರಸ್ತಾ ಭಾಳ ಕೆಟ್ಟೈತ್ರಿ."

ಡಾಕ್ಟರು ಹಾಗೇ ಬರೆದುಕೊಂಡು ಮುಂದಿನ ಮಂಚಕ್ಕೆ ಹೋದರು. ಭಾಗ್ಯಶ್ರೀ ಗೋಡೆಯ ಕಡೆ ಹೊರಳಿದಳು.

"ಚಹಾ ತರ್ಲೇನ್ರಿ, ಅತ್ತಿ?" ಲೋಹಿತ ಮೆತ್ತಗೆ ಕೇಳಿದ.

"ಸಕ್ರಿ ಕಡಿಮಿ ಹಾಕಸ್ರಿ," ಎಂದಳು ಚನ್ನಬಸವ್ವ.