ಸೈಲೆನ್ಸರ್ ಕಡೆಯ ಪೆಟ್ಟಿಗೆ

ನನ್ನ ಸೋದರಮಾವ ಮೂವತ್ತು ವರ್ಷ ಬಸ್ ಬಾಡಿ ಕಟ್ಟುವ ವರ್ಕ್‌ಶಾಪಿನಲ್ಲಿ ತಗಡು ಬಗ್ಗಿಸಿದವನು. ಊರೂರು ಸುತ್ತುವ ಬಸ್ಸು ಕಟ್ಟಿದ ಈ ಮಹಾರಾಯ ಸಮುದ್ರವನ್ನೇ ನೋಡಿರಲಿಲ್ಲ. ನಿವೃತ್ತನಾದ ಮೇಲೆ ಅವನಿಗಿದ್ದ ಆಸೆ ಅದೊಂದೇ. ಒಂದೇ ತಟ್ಟೆಯಲ್ಲಿ ಉಂಡು ಬೆಳೆದ ಗೆಳೆಯ ಪೋಸ್ಟ್‌ಮ್ಯಾನ್ ಹತ್ತಿರ ಮೋಟಾರ್‌ಸೈಕಲ್ ಇತ್ತು. ‘ಸಾಮಾನಿಗೆ ಗಾಡಿಯ ಎರಡೂ ಪಕ್ಕಕ್ಕೆ ನೀನು ಪೆಟ್ಟಿಗೆ ಮಾಡು, ನಾನು ಸಮುದ್ರಕ್ಕೆ ಕರ್ಕೊಂಡು ಹೋಗ್ತೀನಿ’ ಅಂದಿದ್ದ.

ನಾಲ್ಕು ತಿಂಗಳು ಮಾವ ಹಿತ್ತಿಲು ಬಿಟ್ಟು ಕದಲಲಿಲ್ಲ. ಮೊದಲು ರಟ್ಟು ಕತ್ತರಿಸಿ ಗಾಡಿಗೆ ಹಿಡಿದು ನೋಡುವುದು, ಆಮೇಲೆ ಅಲ್ಯೂಮಿನಿಯಂ ತಗಡು. ಮೂಲೆ ಮಡಿಚಿ, ರಿವೆಟ್ ಹೊಡೆದು, ನೀರು ತುಂಬಿಸಿ, ಕೆಳಗೆ ಪೇಪರ್ ಹಾಸಿ ಕಾಯುತ್ತಿದ್ದ. ಒಂದು ಹನಿ ಬಿದ್ದರೂ ಎಲ್ಲ ಬಿಚ್ಚಿ ಮತ್ತೆ ಶುರು.

‘ಇವರು ಕಟ್ಕೊಂಡಿದ್ದು ನನ್ನನ್ನಲ್ಲ, ತಗಡನ್ನ’ ಎಂದು ಅತ್ತೆ ಗೊಣಗುತ್ತಿದ್ದಳು.

ಸೈಲೆನ್ಸರ್ ಇರುವ ಕಡೆಯ ಪೆಟ್ಟಿಗೆ ನಾಲ್ಕು ಬೆರಳು ಕಿರಿದಾಗಲೇಬೇಕಿತ್ತು. ಅದನ್ನು ಮಾವ ತನಗಿಟ್ಟುಕೊಂಡ. ಹೊರಡುವ ಹಿಂದಿನ ದಿನ ಎರಡನ್ನೂ ಗಾಡಿಗೆ ಕೂರಿಸಿ, ಎರಡೂ ಕಡೆ ಭಾರ ಸಮ ಇದೆಯೇ ನೋಡಲು ತನ್ನ ಬಟ್ಟೆಯನ್ನೆಲ್ಲ ತನ್ನ ಪೆಟ್ಟಿಗೆಯಲ್ಲಿ ತುಂಬಿ, ಬೀಗದ ಕೈಯನ್ನೂ ಪೋಸ್ಟ್‌ಮ್ಯಾನಿಗೇ ಕೊಟ್ಟು ಬಂದ. ಅನುಮಾನಪಡುವುದು ಅವನ ಜಾಯಮಾನದಲ್ಲೇ ಇರಲಿಲ್ಲ.

ಬೆಳಿಗ್ಗೆ ಆರಕ್ಕೆ ಅವನ ಮನೆಗೆ ಹೋದರೆ ಗಾಡಿ ಇಲ್ಲ. ಪೋಸ್ಟ್‌ಮ್ಯಾನ್ ಹೆಂಡತಿ ಮಾವನ ಬಟ್ಟೆಗಳನ್ನು ಮಡಿಸಿ ತಂದು ಕೈಗಿಟ್ಟಳು.

‘ಐದಕ್ಕೇ ಹೊರಟ್ರು ಅಣ್ಣ, ನನ್ನ ತಮ್ಮನ್ನ ಕೂರಿಸ್ಕೊಂಡು. ನಿಮಗೆ ಸೊಂಟ ನೋವು, ಬರಲ್ಲ ಅಂದ್ರಂತಲ್ಲ.’

ಮಾವನ ಸೊಂಟ ಗಟ್ಟಿಮುಟ್ಟಾಗಿತ್ತು. ಆದರೂ ‘ಹೌದಮ್ಮ’ ಎಂದು ಬಟ್ಟೆ ಹಿಡಿದು ಬಂದ. ಕೇಳಿ ನನಗೆ ಮೈಯೆಲ್ಲ ಉರಿಯಿತು. ಬೆನ್ನಿಗೆ ಚೂರಿ ಹಾಕಿದವನ ಸುಳ್ಳನ್ನು ಅವನ ಹೆಂಡತಿಯ ಮುಂದೆ ಇವನೇ ಕಾಪಾಡಿದ್ದ.

ಹನ್ನೆರಡು ದಿನದ ಮೇಲೆ ಪೋಸ್ಟ್‌ಮ್ಯಾನ್ ಹಲ್ಲು ಕಿರಿಯುತ್ತ ಹಾಜರಾದ. ಗಾಡಿ ಬಿದ್ದು ಕಿರಿದಾದ ಪೆಟ್ಟಿಗೆ ನಜ್ಜುಗುಜ್ಜಾಗಿತ್ತು.

‘ಭಾಮೈದ ಹಟ ಹಿಡಿದ ಕಣೋ. ಮುಂದಿನ ಸಲ ನೀನೇ. ಇದನ್ನ ಸ್ವಲ್ಪ ತಟ್ಟಿಕೊಡು.’

ಮಾವ ಪೆಟ್ಟಿಗೆ ಬಿಚ್ಚಿ ಬೋರಲು ಹಾಕಿದ. ಒಂದು ಹಿಡಿ ಮರಳು ಉದುರಿತು. ಅದನ್ನು ಬೆರಳಿನಿಂದ ಮುಟ್ಟಿ ನೋಡಿ, ಸುತ್ತಿಗೆ ತೆಗೆದುಕೊಂಡ. ಸಂಜೆಯವರೆಗೆ ತಟ್ಟಿ, ನೀರು ತುಂಬಿಸಿ ನೋಡಿ, ಗಾಡಿಗೆ ಕೂರಿಸಿ ಕೊಟ್ಟ.

‘ಇನ್ನು ಈ ಮನೆ ಮೆಟ್ಟಿಲು ಹತ್ತಬೇಡ’ ಎಂದ.

ಗಾಡಿ ಹೋದ ಮೇಲೆ ನಾನು ಸಮಾಧಾನ ಹೇಳಿದೆ: ‘ಬಿಡು ಮಾವ, ನಾವಿಬ್ಬರೂ ಬಸ್ಸಲ್ಲಿ ಹೋಗಿ ಬರೋಣ.’

‘ಸಮುದ್ರ ಎಲ್ಲಿಗೆ ಹೋಗತ್ತೆ? ನನಗೆ ಅವನ ಜೊತೆ ನೋಡಬೇಕಿತ್ತು ಕಣೋ’ ಎಂದ.