ಟಬ್ಬಿನೊಳಗಿನ ಗರ್ಭಕೋಶ

ನಮ್ಮ ಮೇಡಂ ಪಾಠಕ್ಕೆಂದು ಮಾಡಿಸಿದ್ದ ಗರ್ಭಕೋಶ ಇದ್ದದ್ದು ಬಟ್ಟೆ ನೆನೆಸುವ ನೀಲಿ ಟಬ್ಬಿನಲ್ಲಿ. ಸ್ಪಂಜಿನ ಮೇಲೆ ಗುಲಾಬಿ ಬಟ್ಟೆ ಹೊಲಿದರೆ ಗರ್ಭಕೋಶ, ಚಿಕ್ಕಪೇಟೆಯಿಂದ ತಂದ ಕೆಂಪು ರಿಬ್ಬನ್ನು ರಕ್ತನಾಳ, ಅದರ ಕೆಳಗೆ ಹಾಯುವ ಡ್ರಿಪ್ಪಿನ ಕೊಳವೆ ಮೂತ್ರನಾಳ. ಕೊಳವೆಯೊಳಗೆ ಕುಂಕುಮ ಕದಡಿದ ನೀರು, ಎಲ್ಲದರ ಅಡಿಗೆ ಬಿಳಿ ಬಟ್ಟೆ. ಗರ್ಭಕೋಶ ತೆಗೆಯುವಾಗ ನಾವೆಲ್ಲ ಹೆದರುವುದು ಈ ಮೂತ್ರನಾಳಕ್ಕೇ. ಕಿಡ್ನಿಯಿಂದ ಇಳಿದು ಬರುವ ಅದು ರಕ್ತನಾಳದ ಕೆಳಗೇ ನುಸುಳಿ ಹೋಗುತ್ತದೆ. ಒಂದನ್ನು ಕತ್ತರಿಸಲು ಹೋಗಿ ಇನ್ನೊಂದನ್ನೂ ಕತ್ತರಿಸಿಬಿಟ್ಟರೆ ಆ ಹೆಂಗಸಿನ ಕಿಡ್ನಿಯೇ ಹೋಗಬಹುದು.

ಮೇಡಂ ನಿಯಮ ಸರಳವಾಗಿತ್ತು. ಹತ್ತು ಸಲ ಬಟ್ಟೆ ಕೆಂಪಾಗದಂತೆ ಮಾಡಿ ತೋರಿಸಿದವರಿಗೆ ಆಪರೇಷನ್ ಥಿಯೇಟರಿನಲ್ಲಿ ರಕ್ತನಾಳ ಅಮುಕಿ ಹಿಡಿಯುವ ಕ್ಲ್ಯಾಂಪು ಕೈಗೆ ಸಿಗುತ್ತದೆ. ಎರಡನೇ ವರ್ಷದ ಪಿ.ಜಿ.ಯಾಗಿದ್ದ ನಾನು ಒಂಬತ್ತು ಸಲ ಮುಗಿಸಿದ್ದೆ. ಫೋನಿನಲ್ಲಿ ಸಮಯ ನೋಡಿಕೊಂಡು ಮಾಡುತ್ತಿದ್ದೆ, ಪ್ರತಿ ಸಲವೂ ಹಿಂದಿನದಕ್ಕಿಂತ ಬೇಗ. ಕೊಬ್ಬು ಎಂದರೆ ಅಷ್ಟಿಷ್ಟಲ್ಲ.

ಆ ಕೊಬ್ಬಿನಲ್ಲೇ ವಾರ್ಡಿನಲ್ಲಿ ಒಂದು ಮಾತು ಕೊಟ್ಟುಬಿಟ್ಟಿದ್ದೆ. ವಿ.ವಿ. ಪುರಂ ತಿಂಡಿ ಬೀದಿಯಲ್ಲಿ ದೋಸೆ ಹುಯ್ಯುವ ಹೆಂಗಸು, ಗರ್ಭಕೋಶದಲ್ಲಿ ದೊಡ್ಡ ಗಡ್ಡೆ. ತಿಂಗಳುಗಟ್ಟಲೆ ರಕ್ತ ಹೋಗಿ ಮುಖ ಬಿಳಿಚಿಕೊಂಡಿತ್ತು. ರಕ್ತ ಕೊಟ್ಟು, ಮುಂದಿನ ಮಂಗಳವಾರಕ್ಕೆ ಆಪರೇಷನ್ ಎಂದು ನಿಗದಿಯಾಗಿತ್ತು. ಯಾರು ಮಾಡುತ್ತಾರೆ ಎಂದು ಕೇಳಿದಳು. ಮೇಡಂ ಮಾಡುತ್ತಾರೆ ಎನ್ನುವುದು ವಾಡಿಕೆ. ನಾನು, ‘ನಾನೇ ಮಾಡ್ತೀನಿ’ ಅಂದೆ. ಅವಳು ನನ್ನ ಕೈ ಹಿಡಿದು ಬೆರಳು ತಿರುಗಿಸಿ ನೋಡಿದಳು.

‘ಕೈ ಸಣ್ಣದಿದೆ ಡಾಕ್ಟ್ರಮ್ಮ ನಿಮ್ದು. ಆಗ್ಲಿ, ನೀವೇ ಮಾಡಿ.’

ಹತ್ತನೆಯ ಸಲ ಬುಧವಾರ ಮಧ್ಯಾಹ್ನ. ಮೇಡಂ ಎದುರಿಗೆ ಕೂತರು, ಥಿಯೇಟರಿನ ಹಿರಿಯ ಸಿಸ್ಟರ್ ಪಕ್ಕದಲ್ಲಿ ನಿಂತರು. ನನ್ನ ಕೈ ತನ್ನಷ್ಟಕ್ಕೆ ಓಡಿತು. ಎಡಗಡೆ ಕ್ಲ್ಯಾಂಪು ಹಾಕಿದೆ, ಕತ್ತರಿಸಿದೆ. ಬಿಳಿ ಬಟ್ಟೆಯ ಮೇಲೆ ಕುಂಕುಮದ ನೀರು ನಿಧಾನವಾಗಿ ಹರಡಿತು.

ನನಗೆ ಸಿಟ್ಟು ಬಂತು. ಕೊಳವೆ ಯಾವಾಗಲೂ ಇರುವ ಜಾಗದಲ್ಲಿ ಇರಲಿಲ್ಲ. ಯಾರೋ ಹೊಲಿಗೆ ಬಿಚ್ಚಿ ಒಂದು ಬೆರಳಿನಷ್ಟು ಒಳಕ್ಕೆ ಸರಿಸಿದ್ದರು. ಇದು ಮೋಸ ಎಂದು ಮೇಡಂ ಮುಖಕ್ಕೇ ಹೇಳಿದೆ. ಈಗ ನೆನೆದರೆ ಕಿವಿ ಬಿಸಿಯಾಗುತ್ತದೆ.

ಅವರು ದನಿ ಏರಿಸಲಿಲ್ಲ. ‘ಗಡ್ಡೆ ಇರೋ ಹೊಟ್ಟೇಲೂ ಹಿಂಗೇ ಸರಿದಿರತ್ತೆ. ನೀನು ಟಬ್ಬು ಬಾಯಿಪಾಠ ಮಾಡಿದೀಯ, ಅಷ್ಟೆ.’

ನಿಜವೇ. ಪ್ರತಿ ಸಲ ಮಾದರಿಯನ್ನು ಮತ್ತೆ ಹೊಲಿದಿಡುತ್ತಿದ್ದವರು ನಾವೇ, ಹಳೆಯ ಸೂಜಿ ತೂತುಗಳಲ್ಲೇ ದಾರ ಪೋಣಿಸುತ್ತಿದ್ದೆವು. ಅದೇ ಸಲೀಸು. ಒಂಬತ್ತು ಸಲದಲ್ಲಿ ಒಂದು ಸಲವೂ ನಾನು ನಾಳವನ್ನು ಹುಡುಕಿರಲಿಲ್ಲ.

ಬಟ್ಟೆಯನ್ನು ನಾನೇ ಒಗೆದೆ. ಕಲೆ ಪೂರ್ತಿ ಹೋಗಲಿಲ್ಲ. ಅಂದಿನಿಂದ ಸೋಮವಾರದವರೆಗೆ ಸಿಸ್ಟರ್ ತಮ್ಮ ಊಟದ ಬಿಡುವಿನಲ್ಲಿ ದಿನಕ್ಕೊಂದು ಜಾಗದಲ್ಲಿ ಕೊಳವೆ ಹೊಲಿದುಕೊಟ್ಟರು. ಎಲ್ಲಿ ಎಂದು ಹೇಳುತ್ತಿರಲಿಲ್ಲ. ಫೋನನ್ನು ಚೀಲಕ್ಕೆ ಹಾಕಿ ಬೆರಳಿನಿಂದ ಹುಡುಕಿದೆ. ಎರಡು ಸಲ ಮತ್ತೆ ಬಟ್ಟೆ ಕೆಂಪಾಯಿತು. ವಾರ್ಡಿಗೆ ಹೋದಾಗಲೆಲ್ಲ ಆ ಹೆಂಗಸು ನನ್ನನ್ನು ನೋಡಿ ನಗುತ್ತಿದ್ದಳು. ನಾನು ಅವಳ ಚಾರ್ಟ್ ನೋಡುವಂತೆ ನಟಿಸುತ್ತಿದ್ದೆ.

ಮಂಗಳವಾರ ನನಗೆ ಬರೀ ಗಾಯದ ಅಂಚು ಅಗಲಿಸಿ ಹಿಡಿದು ನಿಲ್ಲುವ ಕೆಲಸ ಎಂದುಕೊಂಡೇ ಕೈ ತೊಳೆದೆ. ಮೇಡಂ ಹೊಟ್ಟೆ ತೆರೆದರು, ಬಲಗಡೆಯದೆಲ್ಲ ಮುಗಿಸಿದರು. ಆಮೇಲೆ ಸಿಸ್ಟರಿಗೆ, ‘ಹುಡುಕೋದು ಕಲ್ತಿದಾಳಂತಲ್ಲ, ಕ್ಲ್ಯಾಂಪು ಅವಳಿಗೆ ಕೊಡಿ’ ಎಂದರು.

ಉಕ್ಕು ಅಂಗೈಗೆ ಬಂತು. ಗಡ್ಡೆ ಎಡಕ್ಕೇ ವಾಲಿತ್ತು. ನನ್ನ ಕೈಗೆ ಅಭ್ಯಾಸವಾದ ಜಾಗ ಕಣ್ಣೆದುರಿಗೇ ಇತ್ತು, ಕೈ ಅತ್ತಲೇ ಎಳೆಯುತ್ತಿತ್ತು. ನಾಳ ಮಾತ್ರ ಕಾಣಲಿಲ್ಲ. ಬೆರಳಾಡಿಸಿದೆ, ಸಿಗಲಿಲ್ಲ. ಅರಿವಳಿಕೆಯ ಡಾಕ್ಟರು ಗಡಿಯಾರ ನೋಡಿದ್ದು ಗೊತ್ತಾಯಿತು. ಇಲ್ಲೇ ಇರುತ್ತದೆ, ಹಾಕಿಬಿಡೋಣ ಎಂದು ಒಂದು ಕ್ಷಣ ಅನ್ನಿಸಿತು. ಸುಳ್ಳು ಹೇಳುವುದಿಲ್ಲ, ಅನ್ನಿಸಿತು.

‘ಮೇಡಂ, ನಂಗೆ ಕಾಣ್ತಿಲ್ಲ.’

‘ಹುಡುಕು. ಇಲ್ಲಿ ಯಾರ್ದೂ ಬಸ್ಸು ತಪ್ಪಲ್ಲ.’

ಮೇಲಿನಿಂದ ಶುರು ಮಾಡಿದೆ. ಪೊರೆಯನ್ನು ಸ್ವಲ್ಪ ಬಿಡಿಸಿ, ಅಂಗುಲ ಅಂಗುಲವೇ ಕೆಳಗಿಳಿದೆ. ಗಡ್ಡೆಯ ಮಗ್ಗುಲಲ್ಲಿ, ನಾನು ಕ್ಲ್ಯಾಂಪು ಹಾಕಲಿದ್ದ ಜಾಗದಲ್ಲೇ, ಬೆಳ್ಳಗಿನ ಒಂದು ಎಳೆ. ಚಿಮುಟದ ತುದಿಯಿಂದ ಮೆಲ್ಲಗೆ ಮುಟ್ಟಿದೆ. ಟಬ್ಬಿನಲ್ಲಿ ಅದು ಎಂದೂ ಅಲುಗಿರಲಿಲ್ಲ. ಇಲ್ಲಿ, ಎರೆಹುಳದ ಹಾಗೆ ಮೈ ಕುಗ್ಗಿಸಿ ಹಿಗ್ಗಿಸಿ ಅಲೆಯಾಡಿತು, ಮೂತ್ರನಾಳವೇ. ನನ್ನ ಕಣ್ಣು ಮಂಜಾಯಿತು, ಒರೆಸಿಕೊಳ್ಳುವ ಹಾಗಿರಲಿಲ್ಲ. ಅದನ್ನು ಪಕ್ಕಕ್ಕೆ ಸರಿಸಿದೆ, ಇನ್ನೊಮ್ಮೆ ನೋಡಿದೆ, ಮೇಡಂಗೆ ತೋರಿಸಿದೆ, ಆಮೇಲೆ ಕ್ಲ್ಯಾಂಪು ಹಾಕಿದೆ. ನನ್ನ ಒಂಬತ್ತು ಸಲದ ಸಮಯವನ್ನೆಲ್ಲ ಸೇರಿಸಿದರೂ ಆ ಎಡಗಡೆಗೆ ಹಿಡಿದಷ್ಟು ಹೊತ್ತು ಆಗುತ್ತಿರಲಿಲ್ಲವೇನೋ.

ಅವಳು ಮನೆಗೆ ಹೋಗಿ ಮೂರು ತಿಂಗಳ ಮೇಲೆ, ಒಂದು ಸಂಜೆ ತಿಂಡಿ ಬೀದಿಗೆ ಹೋದೆ. ಕಾವಲಿಯ ಮುಂದೆ ನಿಂತಿದ್ದಳು, ಮುಖದಲ್ಲಿ ಬಣ್ಣ ಬಂದಿತ್ತು. ನನ್ನನ್ನು ಕೂಡಿಸಿ ಬೆಣ್ಣೆ ದೋಸೆ ಕೊಟ್ಟಳು. ಹಿಟ್ಟಿನ ಪಾತ್ರೆಗೆ ಬಾಗುವಳು, ಕಾವಲಿಗೆ ತಿರುಗುವಳು, ಮತ್ತೆ ಬಾಗುವಳು. ಅವಳ ಎಡ ಪಕ್ಕೆಯ ಮೇಲೇ ನನ್ನ ಕಣ್ಣು, ನಾಳಕ್ಕೆ ಪೆಟ್ಟಾಗಿದ್ದರೆ ನೋಯುವುದು ಅಲ್ಲೇ. ಒಂದು ಸಲವಾದರೂ ಅಲ್ಲಿ ಕೈಯಿಟ್ಟುಕೊಳ್ಳುತ್ತಾಳೋ ಎಂದು ಕಾಯುತ್ತಿದ್ದೆ.

‘ದೋಸೆ ಆರೋಗ್ತಿದೆ ಡಾಕ್ಟ್ರಮ್ಮ. ನನ್ ಸೊಂಟ ಏನ್ ನೋಡ್ತಾ ಕೂತಿದೀರಾ?’

ಏನೂ ಇಲ್ಲ ಎಂದೆ. ಅವಳು ಇನ್ನೊಂದು ದೋಸೆ ಹುಯ್ದಳು. ಅದು ಮುಗಿಯುವವರೆಗೂ ಅಲ್ಲೇ ಕೂತು ನೋಡಿದೆ.